ರೌಂಡ್ ಆಫ್

ದಿನಸಿ ಅಂಗಡಿಯ ಬಿಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದುವವರು ಕಡಿಮೆ. ಓದಿದರೆ ಮೊದಲು ಕಣ್ಣಿಗೆ ಬೀಳುವುದು ‘ರೌಂಡ್ ಆಫ್’. ಮೊತ್ತ 347 ರೂಪಾಯಿ 62 ಪೈಸೆ, ರೌಂಡ್ ಆಫ್ 38 ಪೈಸೆ, ಕಟ್ಟಬೇಕಾದ್ದು 348. ಈ 38 ಪೈಸೆ ಯಾರಿಗಮ್ಮಾ ಎಂದು ಕೇಳಿದರೆ ಕೌಂಟರಿನ ಹುಡುಗಿ ನಿಮ್ಮ ಹಿಂದೆ ನಿಂತವರ ಬುಟ್ಟಿಗೆ ಕೈ ಹಾಕುತ್ತಾಳೆ. ಪ್ರಶ್ನೆ ಸಣ್ಣದಲ್ಲ.

2011ರ ಜೂನ್ 30ರಿಂದ ನಾಲ್ಕಾಣೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ ನಿಂತಿತು. ಉಳಿದದ್ದು ಎಂಟಾಣೆ. ನಾಣ್ಯ ಕಾಯ್ದೆಯ ಪ್ರಕಾರ ಹತ್ತು ರೂಪಾಯಿವರೆಗಿನ ಬಾಕಿಯನ್ನು ಎಂಟಾಣೆಗಳಲ್ಲೇ ತೀರಿಸಬಹುದು. ಅಂದರೆ ಇಪ್ಪತ್ತು ನಾಣ್ಯ; ಇಪ್ಪತ್ತೊಂದನೆಯದನ್ನು ಬೇಡ ಎನ್ನುವ ಹಕ್ಕು ಅಂಗಡಿಯವನಿಗೆ ಇದೆ. ಅವನು ಮೊದಲನೆಯದನ್ನೇ ಬೇಡ ಅನ್ನುತ್ತಾನೆ.

ಪೈಸೆ ಸತ್ತದ್ದು ಚೆನ್ನಾಗಿ ಗೊತ್ತಾಗುವುದು ತರಕಾರಿ ಗಾಡಿಯ ಮುಂದೆ. ಬೀನ್ಸ್ ಕೆಜಿಗೆ ಐವತ್ತು ಅಂದರೆ ಕಾಲು ಕೆಜಿಗೆ ಹನ್ನೆರಡೂವರೆ ಆಗಬೇಕು. ಗಾಡಿಯವಳು ‘ಕಾಲು ಹದಿನೈದು, ಅರ್ಧ ಇಪ್ಪತ್ತೈದು’ ಅನ್ನುತ್ತಾಳೆ. ನಲವತ್ತು, ಅರವತ್ತು, ಎಂಬತ್ತರ ಮಾಲಿನಲ್ಲಿ ಈ ತೊಂದರೆಯಿಲ್ಲ, ಕಾಲಿಗೆ ಸರಿಯಾಗಿ ಒಡೆಯುತ್ತದೆ. ಮೂವತ್ತು, ಐವತ್ತು, ಎಪ್ಪತ್ತರದ್ದೇ ಗೋಳು. ಮೊದಲಾದರೆ ಈ ವ್ಯತ್ಯಾಸಕ್ಕೆ ನಾಲ್ಕೆಸಳು ಕರಿಬೇವು, ಎರಡು ಹಸಿಮೆಣಸಿನಕಾಯಿ ಚೀಲಕ್ಕೆ ಬೀಳುತ್ತಿತ್ತು. ಈಗ ಕರಿಬೇವೂ ಹತ್ತು ರೂಪಾಯಿ ಕಟ್ಟು. ಮನೆಯಲ್ಲಿ ಇಬ್ಬರೇ ಇದ್ದು ಎಲ್ಲವನ್ನೂ ಕಾಲು ಕಾಲು ಕೊಳ್ಳುವವರು ದೊಡ್ಡ ಕುಟುಂಬದವರಿಗಿಂತ ಹೆಚ್ಚು ದುಡ್ಡು ತೆರುವುದು ಹೀಗೆ.

ಇನ್ನು ಚಿಲ್ಲರೆ ಬದಲಿಗೆ ಚಾಕಲೇಟು. ಒಂದು ರೂಪಾಯಿ ಎಂದು ಅಚ್ಚಾಗಿರುವ ಆ ಚಾಕಲೇಟು ಅಂಗಡಿಯವನಿಗೆ ಒಂದು ರೂಪಾಯಿಗಿಂತ ಕಡಿಮೆಗೆ ಬಿದ್ದಿರುತ್ತದೆ. ನಮ್ಮದೇ ಬಾಕಿ ಹಿಂತಿರುಗಿಸುವುದರಲ್ಲೂ ಅವನಿಗೆ ಲಾಭ! ಸಕ್ಕರೆ ಕಾಯಿಲೆಯವರಿಗೂ ಅದನ್ನೇ ಕೊಟ್ಟು ನಗುವ ಧೈರ್ಯ ಬೇರೆ.

ಚಿಲ್ಲರೆ ಸಾಲವನ್ನು ಬರವಣಿಗೆಯಲ್ಲಿ ಒಪ್ಪಿಕೊಂಡವರು ನಮ್ಮ ಸರ್ಕಾರಿ ಬಸ್ಸಿನ ಕಂಡಕ್ಟರುಗಳು ಮಾತ್ರ. ಟಿಕೆಟ್ಟಿನ ಹಿಂದೆ ಪೆನ್ನಿನಲ್ಲಿ ಒಂದು ಅಂಕಿ, ಅದರ ಸುತ್ತ ಒಂದು ಸುತ್ತು: ‘ಇಳಿಯುವಾಗ ಇಸ್ಕೊಳ್ಳಿ.’ ಸಹಿಯಿಲ್ಲ, ಮೊಹರಿಲ್ಲ, ಆದರೂ ಅದು ಪತ್ರವೇ. ಈ ಪತ್ರ ನಗದಾಗದೇ ಹೋಗುವ ದಾರಿಗಳು ಹಲವು. ಕಂಡಕ್ಟರು ಮುಂದಿನ ಬಾಗಿಲಲ್ಲಿ, ನೀವು ಹಿಂದಿನ ಬಾಗಿಲಲ್ಲಿ, ನಡುವೆ ಕಾಲೇಜು ಬಿಟ್ಟ ಹೊತ್ತಿನ ಜನ. ಅಥವಾ ನಿಮಗೆ ಒಳ್ಳೆಯ ನಿದ್ದೆ. ದೂರದ ಬಸ್ಸಿನಲ್ಲಿ ನಡುದಾರಿಯಲ್ಲೇ ಡ್ಯೂಟಿ ಬದಲಾದರಂತೂ ಮುಗಿಯಿತು, ಹೊಸ ಕಂಡಕ್ಟರು ಆ ಅಂಕಿಯನ್ನು ಬೇರೆ ಯಾವುದೋ ದೇಶದ ಲಿಪಿ ನೋಡಿದಂತೆ ನೋಡುತ್ತಾನೆ. ಅವನದೂ ತಪ್ಪಲ್ಲ. ತನಿಖೆಯವರು ಹತ್ತಿದರೆ ಚೀಲದ ಹಣ ಟಿಕೆಟ್ಟಿನ ಲೆಕ್ಕಕ್ಕೆ ತಾಳೆಯಾಗಬೇಕು. ಕಡಿಮೆ ಬಂದರೂ ಕಷ್ಟ, ಹೆಚ್ಚು ಬಂದರೂ ಕಷ್ಟ.

ಇಳಿಯುವ ಸ್ಟಾಪ್ ಬಂದಾಗಲೂ ಚಿಲ್ಲರೆ ಕೂಡದಿದ್ದರೆ ಕೊನೆಯ ಅಸ್ತ್ರ ಹೊರಬರುತ್ತದೆ. ಒಬ್ಬರಿಗೆ ಮೂವತ್ತು, ಇಬ್ಬರಿಗೆ ಹತ್ತು ಹತ್ತು ಬಾಕಿ ಇದ್ದರೆ ಒಂದು ಐವತ್ತರ ನೋಟನ್ನು ಮೂವರ ನಡುವೆ ಹಿಡಿದು ‘ಹಂಚ್ಕೊಳ್ರಿ’ ಎಂದು ರೈಟ್ ಹೇಳಿಬಿಡುವುದು. ಅದುವರೆಗೆ ಮುಖ ನೋಡದವರು ಮೂವರೂ ಒಟ್ಟಾಗಿ ಪೆಟ್ಟಿಗೆ ಅಂಗಡಿಗೆ ನಡೆಯಬೇಕು. ಅಲ್ಲಿ ಸುಮ್ಮನೆ ನೋಟು ಮುರಿದುಕೊಡುವುದಿಲ್ಲ, ಏನಾದರೂ ಕೊಳ್ಳಬೇಕು. ಬಾಳೆಹಣ್ಣು ಕೊಂಡರೆ ದುಡ್ಡು ಯಾರದು? ಹಣ್ಣು ಯಾರಿಗೆ? ಮೂವತ್ತರವನು ನೋಟನ್ನು ಬಿಗಿಯಾಗಿ ಹಿಡಿದಿರುತ್ತಾನೆ, ಹತ್ತರವರು ಅವನ ಎರಡೂ ಪಕ್ಕ ಬಿಡದೆ ನಡೆಯುತ್ತಾರೆ. ಇಂಥದು ತಪ್ಪಬೇಕೆಂದರೆ ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಐನೂರರ ನೋಟು ಕೊಡಬಾರದು, ಇಳಿಯುವ ಒಂದು ಸ್ಟಾಪ್ ಮುಂಚೆಯೇ ಎದ್ದು ಟಿಕೆಟ್ ತೋರಿಸಬೇಕು. 2023ರ ಜೂನ್ 11ರಿಂದ ಹೆಂಗಸರಿಗೆ ಶೂನ್ಯ ಟಿಕೆಟ್ ಆದ ಮೇಲೆ ಅವರ ಪರ್ಸಿನಿಂದ ಬರುತ್ತಿದ್ದ ಬಿಡಿ ನೋಟುಗಳೂ ಚೀಲಕ್ಕೆ ಬೀಳುತ್ತಿಲ್ಲ. ಕ್ಯೂಆರ್ ಕೋಡ್ ಬಂದಿದೆ, ನಿಜ. ಘಾಟಿಯಲ್ಲಿ ಸಿಗ್ನಲ್ ಬಂದಿಲ್ಲ.

ನಾಲ್ಕಾಣೆ ಹೋದದ್ದರಿಂದ ನಿಜವಾಗಿ ಪೇಚಿಗೆ ಸಿಕ್ಕಿದವರು ದೇವರು. ಹರಕೆಯ ಮುಡಿಪು ಎಂದರೆ ಒಂದೂಕಾಲು ರೂಪಾಯಿ, ಅರಿಶಿನದ ಬಟ್ಟೆಯಲ್ಲಿ ಗಂಟು. 2011ಕ್ಕೆ ಮುಂಚೆ ಕಟ್ಟಿ ದೇವರ ಕೋಣೆಯಲ್ಲಿ ಇಟ್ಟು, ಇನ್ನೂ ಕ್ಷೇತ್ರಕ್ಕೆ ಹೋಗಲಾಗದೆ ಉಳಿದ ಗಂಟುಗಳಲ್ಲಿ ಖಡ್ಗಮೃಗದ ಚಿತ್ರದ ಸ್ಟೀಲಿನ ನಾಲ್ಕಾಣೆ ಕೂತಿದೆ. ದೇವರು ತೆಗೆದುಕೊಂಡಾನು, ಬ್ಯಾಂಕಿನವರು ತೆಗೆದುಕೊಳ್ಳುವುದಿಲ್ಲ.

ಹೊಸ ಮುಡಿಪಿಗೆ ಹನ್ನೊಂದು ರೂಪಾಯಿ. ಮುಯ್ಯಿಗೆ ನೂರೊಂದು, ಐನೂರೊಂದು. ಆ ಒಂದು ರೂಪಾಯಿಯನ್ನು ಕವರ್ ತಯಾರಿಸುವವರೇ ಮೇಲೆ ಅಂಟಿಸಿ ಕೊಡುತ್ತಾರೆ. ಮದುವೆ ಮುಗಿದ ಮನೆಯಲ್ಲಿ ಈ ನಾಣ್ಯಗಳನ್ನು ಬಿಡಿಸುವುದೇ ಒಂದು ಕೆಲಸ. ಎಳೆದರೆ ಕೆಂಪು ಕಾಗದ ನಾಣ್ಯದ ಬೆನ್ನಿಗೆ ಹತ್ತಿಕೊಂಡೇ ಬರುತ್ತದೆ. ಬಿಸಿನೀರಿನಲ್ಲಿ ನೆನೆಸಿ, ಕಾಗದ ಉಜ್ಜಿ ತೆಗೆದು, ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಪಾತ್ರೆ ಸೋಪಿನಲ್ಲಿ ತೊಳೆಯಬೇಕು. ಅಂಟು ಉಳಿದರೆ ಒಂದಕ್ಕೊಂದು ಹತ್ತಿಕೊಂಡು ಎರಡು ರೂಪಾಯಿ ಒಂದಾಗುತ್ತದೆ. ಎಲ್ಲ ತೊಳೆದು ಒರೆಸಿ ಹಾಲಿನ ಬೂತಿಗೆ ಒಯ್ದರೆ ಅವನು ಬೆರಳಿನಿಂದ ಮುಟ್ಟಿ ನೋಡಿ, ಮೂಸಿಯೂ ನೋಡಿ, ‘ಇವೆಲ್ಲ ಬೇಡ, ಸ್ಕ್ಯಾನ್ ಮಾಡ್ಬಿಡಿ’ ಅನ್ನುತ್ತಾನೆ.