3060 ತಗೊಳ್ಳಬೇಕೋ, 4060 ತಗೊಳ್ಳಬೇಕೋ? ಸರಾಸರಿ ಎಫ್‌ಪಿಎಸ್ ನೋಡಿ ತೀರ್ಮಾನಿಸಬೇಡಿ

12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060 ಮತ್ತು 8 ಜಿಬಿಯ ಆರ್‌ಟಿಎಕ್ಸ್ 4060, ಎನ್ವಿಡಿಯಾದ ಈ ಎರಡು ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಯಾವುದು ಫಾಸ್ಟ್ ಎಂದು ಕೇಳಿದರೆ ಹೆಚ್ಚಿನವರು ಹೆಸರಿನ ಅಂಕಿ ನೋಡಿ 4060 ಅಂದುಬಿಡುತ್ತಾರೆ. 1080ಪಿ ರೆಸಲ್ಯೂಷನ್‌ನಲ್ಲಿ ಬಹಳಷ್ಟು ಗೇಮ್‌ಗಳ ಮಟ್ಟಿಗೆ ಅದು ಸರಿಯೂ ಹೌದು. ಆದರೆ ಕಾರ್ಡಿನ ಮೆಮೊರಿ ತುಂಬಿದ ತಕ್ಷಣ ಲೆಕ್ಕ ತಲೆಕೆಳಗಾಗುತ್ತದೆ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಮಾತ್ರ ತೋರಿಸುವ ಬಾರ್ ಚಾರ್ಟ್‌ಗಳಲ್ಲಿ ಅದು ಸರಿಯಾಗಿ ಕಾಣಿಸುವುದೇ ಇಲ್ಲ. ಅಂಥ ಚಾರ್ಟ್ ನಂಬಿ ಜನ ಕಾರ್ಡ್ ಕೊಳ್ಳುತ್ತಾರಲ್ಲ, ಅದು ನನಗೆ ನಿಜಕ್ಕೂ ಬೇಸರದ ವಿಷಯ.

2021ರಲ್ಲಿ ಬಂದ 3060ರಲ್ಲಿ ಲೆಕ್ಕದ ಕೆಲಸ ಮಾಡುವ 3584 ಕುಡಾ ಕೋರ್‌ಗಳಿವೆ. 2023ರ 4060ರಲ್ಲಿ ಇರುವುದು 3072. ಕೋರ್ ಕಡಿಮೆಯಾದರೂ 4060 ಮುಂದಿರುವುದಕ್ಕೆ ಮುಖ್ಯ ಕಾರಣ ಕ್ಲಾಕ್, ಅಂದರೆ ಕೋರ್‌ಗಳು ಓಡುವ ವೇಗ: ಬೂಸ್ಟ್ 1777 ಮೆಗಾಹರ್ಟ್ಜ್‌ನಿಂದ 2460ಕ್ಕೆ ಏರಿದೆ. ಮೆಮೊರಿಯ ಕಡೆ ಮಾತ್ರ 4060 ಹಿಂದೆ ಸರಿದಿದೆ. ಬಸ್ (ಮೆಮೊರಿಗೆ ಹೋಗುವ ದಾರಿಯ ಅಗಲ) 192 ಬಿಟ್ ಇದ್ದದ್ದು 128 ಬಿಟ್ ಆಗಿದೆ, ಬ್ಯಾಂಡ್‌ವಿಡ್ತ್ ಸೆಕೆಂಡಿಗೆ 360 ಜಿಬಿಯಿಂದ 272ಕ್ಕೆ ಇಳಿದಿದೆ. ಇದನ್ನು ಸರಿದೂಗಿಸಲು ಚಿಪ್‌ನೊಳಗಿನ ವೇಗದ ಪುಟ್ಟ ಮೆಮೊರಿಯಾದ ಎಲ್2 ಕ್ಯಾಷ್ ಅನ್ನು 3 ಎಂಬಿಯಿಂದ 24 ಎಂಬಿಗೆ ಏರಿಸಿದ್ದಾರೆ. ಬೇಕಾದ ಡೇಟಾ ಕ್ಯಾಷ್‌ನಲ್ಲೇ ಸಿಕ್ಕರೆ ಮೆಮೊರಿಯವರೆಗೆ ಹೋಗುವ ಕೆಲಸವಿಲ್ಲ. ರೆಸಲ್ಯೂಷನ್ ಏರಿದಂತೆ ಕ್ಯಾಷ್‌ನಲ್ಲಿ ಸಿಗದ ಡೇಟಾ ಹೆಚ್ಚುತ್ತದೆ, ಆಗ ಈ ಉಪಾಯದ ಬಲ ಕಡಿಮೆಯಾಗುತ್ತದೆ. ಏನೇ ಮಾಡಿದರೂ ಕ್ಯಾಷ್ ದೊಡ್ಡದಾದ ಮಾತ್ರಕ್ಕೆ 8 ಜಿಬಿ 12 ಆಗುವುದಿಲ್ಲ.

ಹೆಚ್ಚಿನವರು ಗಮನಿಸದ ಇನ್ನೊಂದು ವ್ಯತ್ಯಾಸ ಪಿಸಿಐಇ, ಅಂದರೆ ಕಾರ್ಡ್ ಮತ್ತು ಮದರ್‌ಬೋರ್ಡ್ ನಡುವಿನ ಸಂಪರ್ಕ. 3060 ಬಳಸುವುದು 16 ಲೇನ್, 4060 ಬಳಸುವುದು 8. ಮದರ್‌ಬೋರ್ಡ್‌ನ ಪಿಸಿಐಇ ನಾಲ್ಕನೇ ತಲೆಮಾರಿನದಾದರೆ 8 ಲೇನ್‌ನಲ್ಲಿ ಸೆಕೆಂಡಿಗೆ ಸುಮಾರು 16 ಜಿಬಿ ಸಾಗುತ್ತದೆ. ಮೂರನೇ ತಲೆಮಾರಿನ ಹಳೆಯ ಬೋರ್ಡಾದರೆ ಸುಮಾರು 8 ಜಿಬಿ ಮಾತ್ರ. ಮೆಮೊರಿ ತುಂಬದೆ ಇರುವಾಗ ಇದರಿಂದ ದೊಡ್ಡ ತೊಂದರೆಯಿಲ್ಲ. ತುಂಬಿದಾಗ ಟೆಕ್ಸ್‌ಚರ್‌ಗಳು (ಗೇಮ್‌ನ ವಸ್ತುಗಳ ಮೇಲ್ಮೈ ಚಿತ್ರಗಳು) ಸಿಸ್ಟಮ್ ರ್‍ಯಾಮ್‌ನಿಂದ ಇದೇ ದಾರಿಯಲ್ಲಿ ಬರಬೇಕು. 272 ಎಲ್ಲಿ, 8 ಎಲ್ಲಿ! ಗೇಮ್ ಮುಗ್ಗರಿಸುವುದು ಇಲ್ಲೇ.

ನಿಮ್ಮ ಪಿಸಿಐಇ ಲಿಂಕ್ ಯಾವುದೆಂದು ತಿಳಿಯಲು ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಟೂಲ್ ತೆರೆದು ಬಸ್ ಇಂಟರ್‌ಫೇಸ್ ಸಾಲು ನೋಡಿ. ಕಾರ್ಡ್ ಸುಮ್ಮನಿರುವಾಗ ಲಿಂಕ್ ವೇಗ ತಾನಾಗಿ ಇಳಿದಿರುತ್ತದೆ, ಅಲ್ಲಿ 1.1 ಎಂದು ಕಂಡರೆ ಗಾಬರಿ ಬೇಡ. ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಶುರು ಮಾಡಿದರೆ ನಿಜವಾದ ಅಂಕಿ ಬರುತ್ತದೆ. 3060 ಹಾಕಿಯೂ 8 ಲೇನ್ ಎಂದೇ ತೋರಿಸಿದರೆ ಕಾರ್ಡನ್ನು ಎರಡನೇ ಸ್ಲಾಟಿಗೆ ಸಿಕ್ಕಿಸಿಲ್ಲವೇ ಎಂದು ಮೊದಲು ನೋಡಿ.

ಈಗ ಸರಾಸರಿಯ ವಿಷಯ. ಒಂದು ಕಾರ್ಡ್ 100 ಫ್ರೇಮ್‌ಗಳಲ್ಲಿ 99ನ್ನು ತಲಾ 10 ಮಿಲಿಸೆಕೆಂಡಿನಲ್ಲಿ ಕೊಟ್ಟು, ಒಂದಕ್ಕೆ 110 ಮಿಲಿಸೆಕೆಂಡ್ ತೆಗೆದುಕೊಂಡಿತು ಅನ್ನಿ. ಒಟ್ಟು 1100 ಮಿಲಿಸೆಕೆಂಡ್, ಸರಾಸರಿ ಸುಮಾರು 91 ಎಫ್‌ಪಿಎಸ್. ಇನ್ನೊಂದು ಕಾರ್ಡ್ ನೂರನ್ನೂ ತಲಾ 12 ಮಿಲಿಸೆಕೆಂಡಿನಲ್ಲಿ ಕೊಟ್ಟರೆ ಸರಾಸರಿ 83. ಚಾರ್ಟ್‌ನಲ್ಲಿ ಗೆದ್ದದ್ದು ಮೊದಲನೆಯದು. ಆಡುವವರಿಗೆ ಮಾತ್ರ ಅದು ಸೆಕೆಂಡಿಗೊಮ್ಮೆ ಗಕ್ಕೆಂದು ನಿಂತಂತೆ ಅನ್ನಿಸುತ್ತದೆ. ಅದಕ್ಕೇ ಫ್ರೇಮ್ ಟೈಮ್ (ಪ್ರತಿ ಫ್ರೇಮ್‌ಗೆ ಹಿಡಿದ ಸಮಯ) ಗ್ರಾಫ್ ಮತ್ತು 1% ಲೋ (ಅತಿ ನಿಧಾನವಾದ 1% ಫ್ರೇಮ್‌ಗಳ ಮಟ್ಟದ ಎಫ್‌ಪಿಎಸ್) ಇಲ್ಲದ ಹೋಲಿಕೆಯನ್ನು ನಾನು ಹೋಲಿಕೆ ಎಂದೇ ಒಪ್ಪುವುದಿಲ್ಲ. 1% ಲೋ ಲೆಕ್ಕ ಹಾಕುವ ವಿಧಾನವೂ ಎಲ್ಲ ಟೂಲ್‌ಗಳಲ್ಲಿ ಒಂದೇ ಅಲ್ಲ, ಹಾಗಾಗಿ ಎರಡು ಟೂಲ್‌ಗಳ ಅಂಕಿಗಳನ್ನು ಪಕ್ಕಪಕ್ಕ ಇಡಬೇಡಿ.

ಹಲವು ಗೇಮ್‌ಗಳ ಫಲಿತಾಂಶ ಒಟ್ಟುಗೂಡಿಸುವಾಗಲೂ ಮೋಸ ಹೋಗುತ್ತೇವೆ. ಒಂದು ಗೇಮ್‌ನಲ್ಲಿ 300 ಇದ್ದದ್ದು 360 ಆಯಿತು, ಇನ್ನೊಂದರಲ್ಲಿ 50 ಇದ್ದದ್ದು 40ಕ್ಕೆ ಇಳಿಯಿತು. ನೇರ ಸರಾಸರಿ ಹಾಕಿದರೆ 175ರಿಂದ 200, ಅಂದರೆ 14% ಲಾಭ ಎನ್ನುತ್ತದೆ. ಪ್ರತಿ ಗೇಮ್‌ನ ಅನುಪಾತ ತೆಗೆದು ಗುಣೋತ್ತರ ಸರಾಸರಿ (ಎರಡನ್ನೂ ಗುಣಿಸಿ ವರ್ಗಮೂಲ) ಹಾಕಿ ನೋಡಿ, 2% ನಷ್ಟ! 300 ಎಫ್‌ಪಿಎಸ್ ಬರುವ ಗೇಮ್‌ನಲ್ಲಿ 60 ಹೆಚ್ಚಾದರೆ ಯಾರಿಗೂ ಗೊತ್ತಾಗುವುದಿಲ್ಲ, 50ರಿಂದ 40ಕ್ಕೆ ಇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ.

ನೀವೇ ಟೆಸ್ಟ್ ಮಾಡುವುದಾದರೆ ಕಾರ್ಡ್ ಬದಲಿಸುವ ಮುನ್ನ ಸೇಫ್ ಮೋಡ್‌ನಲ್ಲಿ ಡಿಡಿಯು ಎಂಬ ಡ್ರೈವರ್ ಅಳಿಸುವ ಟೂಲ್ ಓಡಿಸಿ ಹಳೆಯ ಡ್ರೈವರ್ ಪೂರ್ತಿ ತೆಗೆಯಿರಿ, ಎರಡಕ್ಕೂ ಒಂದೇ ಡ್ರೈವರ್ ಆವೃತ್ತಿ ಹಾಕಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಸಿಸ್ಟಮ್ ಮೆಮೊರಿಯನ್ನು ಅದರ ಘೋಷಿತ ವೇಗದಲ್ಲಿ ಓಡಿಸುವುದು) ಮತ್ತು ರಿಸೈಜಬಲ್ ಬಾರ್ (ಕಾರ್ಡಿನ ಮೆಮೊರಿ ಪೂರ್ತಿ ಸಿಪಿಯುಗೆ ಸಿಗುವಂತೆ ಮಾಡುವುದು) ಆನ್ ಇರಲಿ. ವಿ-ಸಿಂಕ್ (ಎಫ್‌ಪಿಎಸ್ ಅನ್ನು ಮಾನಿಟರ್ ವೇಗಕ್ಕೆ ಕಟ್ಟುವುದು), ಫ್ರೇಮ್ ಲಿಮಿಟ್, ಡೈನಮಿಕ್ ರೆಸಲ್ಯೂಷನ್ ಮೂರನ್ನೂ ಆಫ್ ಮಾಡಿ. ತಣ್ಣಗಿರುವ ಕಾರ್ಡ್ ಹೆಚ್ಚು ಬೂಸ್ಟ್ ಆಗುತ್ತದೆ, ಆದ್ದರಿಂದ 10-15 ನಿಮಿಷ ಆಡಿ ಬಿಸಿಯಾದ ಮೇಲೆ ಅಳೆಯಿರಿ. ಮೊದಲ ಓಟದಲ್ಲಿ ಶೇಡರ್ (ಚಿತ್ರ ಮೂಡಿಸುವ ಪುಟ್ಟ ಪ್ರೋಗ್ರಾಂ) ಕಂಪೈಲ್ ಆಗುತ್ತಿರುವುದರಿಂದ ಅದನ್ನು ಬಿಟ್ಟುಬಿಡಿ. ಆಮೇಲೆ ಅದೇ ಜಾಗ, ಅದೇ ದಾರಿ, 60 ಸೆಕೆಂಡ್, ಮೂರು ಸಲ. ದಾಖಲಿಸಲು ಕ್ಯಾಪ್‌ಫ್ರೇಮ್‌ಎಕ್ಸ್ ಸಾಕು. ಎರಡೂ ಕಾರ್ಡ್‌ಗಳಲ್ಲಿ ಎಫ್‌ಪಿಎಸ್ ಹೆಚ್ಚುಕಡಿಮೆ ಒಂದೇ ಬಂದು, ಜಿಪಿಯು (ಕಾರ್ಡಿನ ಚಿಪ್) ಬಳಕೆ 95%ಗಿಂತ ಸಾಕಷ್ಟು ಕೆಳಗಿದ್ದರೆ ನೀವು ಅಳೆದದ್ದು ಸಿಪಿಯುವನ್ನು.

ಮೆಮೊರಿ ಸಾಲದಾಗಿದೆಯೇ ಎಂದು ತಿಳಿಯುವುದು ಸುಲಭ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಜಿಪಿಯು ಆರಿಸಿ, ಡೆಡಿಕೇಟೆಡ್ ಮೆಮೊರಿ ತುದಿ ಮುಟ್ಟಿದ ಮೇಲೆ ಶೇರ್ಡ್ ಮೆಮೊರಿ ಏರುತ್ತಿದೆಯೇ ನೋಡಿ. ಏರುತ್ತಿದ್ದು, ಅದೇ ಹೊತ್ತಿಗೆ ಫ್ರೇಮ್ ಟೈಮ್ ಗ್ರಾಫ್‌ನಲ್ಲಿ ಮುಳ್ಳುಗಳೆದ್ದರೆ ಟೆಕ್ಸ್‌ಚರ್ ಸೆಟ್ಟಿಂಗ್ ಒಂದು ಹಂತ ಇಳಿಸಿ. ನೆರಳು, ಪ್ರತಿಫಲನಗಳಿಗಿಂತ ಮೊದಲು ಇಳಿಸಬೇಕಾದದ್ದು ಅದನ್ನೇ. ಕೆಲವು ಗೇಮ್‌ಗಳು ಎಫ್‌ಪಿಎಸ್ ಬೀಳಲು ಬಿಡದೆ, ಹೇಳದೆ ಕೇಳದೆ ಮಸುಕಾದ ಟೆಕ್ಸ್‌ಚರ್ ಹಾಕಿಬಿಡುತ್ತವೆ. ಆಗ ಅಂಕಿಗಳೆಲ್ಲ ಚೆನ್ನಾಗಿಯೇ ಇರುತ್ತವೆ, ಗೋಡೆಯ ಮೇಲಿನ ಬರಹ ಮಾತ್ರ ಓದಲಾಗುವುದಿಲ್ಲ. ಪರದೆಯನ್ನೂ ನೋಡಿ.

4060ರ ಪರವಾಗಿ ಫ್ರೇಮ್ ಜನರೇಷನ್ (ಫ್ರೇಮ್‌ಗಳ ನಡುವೆ ಹೊಸದನ್ನು ಸೃಷ್ಟಿಸಿ ಸೇರಿಸುವುದು) ಬಗ್ಗೆ ಬಹಳ ಹೇಳುತ್ತಾರೆ. ಎನ್ವಿಡಿಯಾದ ಡಿಎಲ್ಎಸ್ಎಸ್ ಅಪ್‌ಸ್ಕೇಲಿಂಗ್ (ಕಡಿಮೆ ರೆಸಲ್ಯೂಷನ್ ಚಿತ್ರವನ್ನು ಹಿಗ್ಗಿಸುವುದು) ಎರಡರಲ್ಲೂ ಉಂಟು, ಅದರ ಫ್ರೇಮ್ ಜನರೇಷನ್ 3060ರಲ್ಲಿಲ್ಲ. ಅದು ಚಿತ್ರವನ್ನು ನುಣುಪಾಗಿಸುತ್ತದೆ, ನಿಜ. ಆದರೆ ಮೌಸ್ ಅಲುಗಿಸಿದ್ದಕ್ಕೆ ಗೇಮ್ ಬೇಗ ಸ್ಪಂದಿಸುವಂತೆ ಮಾಡುವುದಿಲ್ಲ. ಅದಕ್ಕೂ ಒಂದಿಷ್ಟು ಮೆಮೊರಿ ಬೇಕು. 8 ಜಿಬಿ ಆಗಲೇ ತುಂಬಿದ್ದಾಗ ಅದನ್ನು ಆನ್ ಮಾಡಿದರೆ ಪರಿಸ್ಥಿತಿ ಹದಗೆಡಬಹುದು. ಹೋಲಿಸುವಾಗ ಅದನ್ನು ಆಫ್ ಮಾಡಿಯೇ ಅಳೆಯಬೇಕು.

ಗೇಮ್ ಬಿಟ್ಟು ಬೇರೆ ಕೆಲಸವಿದ್ದರೆ ನನ್ನ ಒಲವು 3060ರ ಕಡೆಗೇ. 3ಡಿ ಸೀನ್ ಮೆಮೊರಿಯಲ್ಲಿ ಹಿಡಿಸಿದರೆ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ 4060 ಬೇಗ ಮುಗಿಸುತ್ತದೆ, ಹಿಡಿಸದಿದ್ದರೆ ರೆಂಡರ್ ತೆವಳುತ್ತದೆ ಅಥವಾ ನಿಂತೇಹೋಗುತ್ತದೆ. ಕಂಪ್ಯೂಟರ್‌ನಲ್ಲೇ ಭಾಷಾ ಮಾಡೆಲ್ ಓಡಿಸುವವರಿಗೆ ವ್ಯತ್ಯಾಸ ಇನ್ನೂ ಸ್ಪಷ್ಟ. 1400 ಕೋಟಿ ಪ್ಯಾರಾಮೀಟರ್‌ನ ಮಾಡೆಲ್ 4 ಬಿಟ್‌ಗೆ ಇಳಿಸಿದರೂ 8 ಜಿಬಿಯ ಆಚೀಚೆ ಬರುತ್ತದೆ. 12ರಲ್ಲಿ ಕಾಂಟೆಕ್ಸ್ಟ್‌ಗೂ (ಮಾಡೆಲ್ ಗಮನದಲ್ಲಿಟ್ಟುಕೊಳ್ಳುವ ಪಠ್ಯಕ್ಕೆ) ಜಾಗ ಉಳಿಯುತ್ತದೆ, 8ರಲ್ಲಿ ಒಂದಷ್ಟು ಲೇಯರ್‌ಗಳನ್ನು ಸಿಪಿಯುಗೆ ತಳ್ಳಲೇಬೇಕು. ವಿಡಿಯೊ ರೆಕಾರ್ಡಿಂಗ್‌ಗೆ ಮಾತ್ರ 4060 ಮೇಲು, ವಿಡಿಯೊ ಕುಗ್ಗಿಸುವ ಎವಿ1 ಎನ್‌ಕೋಡರ್ ಇರುವುದು ಅದರಲ್ಲೇ.

ವಿದ್ಯುತ್ತಿನಲ್ಲೂ 4060ದೇ ಮೇಲುಗೈ, 170 ವ್ಯಾಟ್ ಎದುರು 115. ಚಿಕ್ಕ ಕೇಸ್, ಹಳೆಯ ಪವರ್ ಸಪ್ಲೈ ಇದ್ದವರಿಗೆ ಇದು ದೊಡ್ಡ ಅನುಕೂಲ.

ನಾಲ್ಕನೇ ತಲೆಮಾರಿನ ಬೋರ್ಡ್, 1080ಪಿ ಮಾನಿಟರ್, ಟೆಕ್ಸ್‌ಚರ್ ಹೈನಲ್ಲಿದ್ದರೆ ಸಾಕು ಅನ್ನುವವರು ಧೈರ್ಯವಾಗಿ 4060 ತೆಗೆದುಕೊಳ್ಳಿ. ಬೋರ್ಡ್ ಹಳೆಯದಾದರೆ, ಅಥವಾ ರೆಂಡರಿಂಗ್, ಮಾಡೆಲ್‌ಗಳ ಕೆಲಸವಿದ್ದರೆ 12 ಜಿಬಿಯ 3060. ಇದೇ ಹೆಸರಿನಲ್ಲಿ 8 ಜಿಬಿ, 128 ಬಿಟ್, ಸೆಕೆಂಡಿಗೆ 240 ಜಿಬಿ ಬ್ಯಾಂಡ್‌ವಿಡ್ತ್‌ನ 3060 ಕೂಡ ಇದೆ, ಅದನ್ನು ಮುಟ್ಟಬೇಡಿ. ಪೆಟ್ಟಿಗೆಯ ಮೇಲೆ 12 ಜಿಬಿ ಎಂದಿದೆಯೇ ನೋಡಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ಹಣ ಕೊಡುವ ಮುನ್ನ ಜಿಪಿಯು-ಝಡ್‌ನಲ್ಲಿ 192 ಬಿಟ್ ಎಂದು ತೋರಿಸಲು ಹೇಳಿ.