ಅವನು ಬೇಕಂತ ಕೆಡಿಸಿದ, ನಂದು ತಾನಾಗೇ ಕೆಟ್ಟಿತು

ರಾತ್ರಿ ಹನ್ನೆರಡೂವರೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಇಂಗ್ಲೆಂಡಿನ ರಾಕ್ ತಂಡ ರೇಡಿಯೊಹೆಡ್‌ನ 'ಕ್ರೀಪ್' ಹಾಡು ಹಾಕಿಕೊಂಡು ಮಲಗಿದ್ದೆ. ಆ ಹಾಡು ಶುರುವಾಗುವುದೇ ಸಂಕೋಚದಿಂದ, ಗುರುತಿಲ್ಲದವರ ಮನೆ ಬಾಗಿಲಲ್ಲಿ ನಿಂತವರ ಹಾಗೆ. ಗಾಯಕ ಟಾಮ್ ಯಾರ್ಕ್ ತನ್ನಷ್ಟಕ್ಕೆ ಗೊಣಗುತ್ತಾನೆ. ಗಿಟಾರ್ ಒಂದೊಂದೇ ತಂತಿ ಮುಟ್ಟುತ್ತದೆ. ನನಗಂತೂ ಸದ್ದು ಎಲ್ಲೋ ದೂರದಿಂದ ಬಂದ ಹಾಗಿತ್ತು. ಹೆಡ್‌ಫೋನ್‌ಗೆ ವಯಸ್ಸಾಯಿತು ಎಂದುಕೊಂಡು ವಾಲ್ಯೂಮ್ ಏರಿಸಿದೆ. ಸಾಲಲಿಲ್ಲ. ಪೂರ್ತಿ ಏರಿಸಿದೆ.

ಹೆಡ್‌ಫೋನ್ ಪಾಪ ಆಫ್ ಆಗಿತ್ತು. ಫೋನು ನನ್ನನ್ನು ಕೇಳದೆ ಹಾಲ್‌ನಲ್ಲಿದ್ದ ಸ್ಪೀಕರ್ ಜೊತೆ ಬ್ಲೂಟೂತ್ ಸಂಬಂಧ ಬೆಳೆಸಿತ್ತು.

ಈ ಹಾಡಿನ ಪಲ್ಲವಿಗೆ ಸ್ವಲ್ಪ ಮುಂಚೆ ಒಂದು ಜಾಗ ಬರುತ್ತದೆ. ಅಲ್ಲಿವರೆಗೆ ತೆಪ್ಪಗಿದ್ದ ಇನ್ನೊಂದು ಗಿಟಾರ್ ಇದ್ದಕ್ಕಿದ್ದಂತೆ 'ಗರ್ಕ್-ಗರ್ಕ್' ಅನ್ನುತ್ತದೆ. ತುಕ್ಕು ಹಿಡಿದ ಶಟರನ್ನು ಯಾರೋ ಸಿಟ್ಟಿನಿಂದ ಜಗ್ಗಿದ ಹಾಗೆ. ಅದರ ಹಿಂದೆಯೇ ಇಡೀ ತಂಡ ಮೈಮೇಲೆ ಬೀಳುತ್ತದೆ. ನಾನು ಹಾಲ್‌ಗೆ ಓಡಿ ಬಂದಾಗ ದೀಪ ಹತ್ತಿತ್ತು. ಅಪ್ಪ ಛತ್ರಿ ಎತ್ತಿ ಹಿಡಿದು ಬಾಗಿಲ ಹಿಂದೆ ನಿಂತಿದ್ದರು. "ಕಳ್ಳ. ಚಿಲಕ ಮುರೀತಿದ್ದಾನೆ."

"ಅಪ್ಪಾ, ಅದು ಗಿಟಾರ್."

"ಗಿಟಾರ್ ಯಾಕೆ ಚಿಲಕ ಮುರಿಯುತ್ತೆ?"

ನ್ಯಾಯವಾದ ಪ್ರಶ್ನೆ, ಅಲ್ವಾ? ಅದಕ್ಕೆ ಉತ್ತರವೂ ಇದೆ. ತಂಡದ ಗಿಟಾರ್ ವಾದಕ ಜಾನಿ ಗ್ರೀನ್‌ವುಡ್‌ಗೆ ಈ ಹಾಡು ಹಿಡಿಸಿರಲಿಲ್ಲ. ತೀರಾ ಮೆತ್ತಗಿದೆ ಅನ್ನಿಸಿತ್ತು. ಕೆಡಿಸೋಣ ಅಂತಲೇ ತಂತಿಗಳನ್ನು ಹಾಗೆ ಚಚ್ಚಿದ. ಇದನ್ನು ಹೇಳಿದ್ದು ಅದೇ ತಂಡದ ಇನ್ನೊಬ್ಬ ಗಿಟಾರ್ ವಾದಕ ಎಡ್ ಓಬ್ರಿಯನ್. ಈಗ ಜನ ಆ ಹಾಡಿನಲ್ಲಿ ಕಾಯುವುದೇ ಆ ಚಚ್ಚುವಿಕೆಗೆ. 1992ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಒಂದು ಸ್ಟುಡಿಯೊದಲ್ಲಿ ಧ್ವನಿಮುದ್ರಣ ಆಯಿತು. ನಿರ್ಮಾಪಕರು ಬಂದಿದ್ದು ಬೇರೆ ಹಾಡುಗಳಿಗೆ. ಇದನ್ನು ಕೇಳಿ, ಯಾರದೋ ಹಳೇ ಹಾಡು ಇರಬೇಕು ಅಂದುಕೊಂಡಿದ್ದರು. ನುಡಿಸಿ ಮುಗಿಸಿದಾಗ ಅಲ್ಲಿದ್ದವರು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಚಪ್ಪಾಳೆ ತಟ್ಟಿದರಂತೆ.

ಅದೇ ಸೆಪ್ಟೆಂಬರ್‌ನಲ್ಲಿ ಹಾಡು ಹೊರಬಂತು, ತಮ್ಮೂರಲ್ಲಿ ಯಾರೂ ಕ್ಯಾರೇ ಅನ್ನಲಿಲ್ಲ. ಬಿಬಿಸಿಯ ರೇಡಿಯೊ 1ಕ್ಕೆ ಇದು ಜಾಸ್ತಿ ಬೇಸರ ತರಿಸುವ ಹಾಡು ಅನ್ನಿಸಿತು. ಮೊದಲು ಕೈ ಹಿಡಿದದ್ದು ಇಸ್ರೇಲಿನ ರೇಡಿಯೊ, ಆಮೇಲೆ ಅಮೆರಿಕದ್ದು. ಚೊಚ್ಚಲ ಆಲ್ಬಮ್ 'ಪ್ಯಾಬ್ಲೊ ಹನಿ' ಬಂದದ್ದು 1993ರಲ್ಲಿ. ಆ ವರ್ಷ ಬ್ರಿಟನ್‌ನಲ್ಲಿ ಹಾಡನ್ನು ಮತ್ತೆ ಬಿಟ್ಟಾಗ ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಏಳನೇ ಸ್ಥಾನಕ್ಕೆ ಏರಿತು.

ಇದನ್ನೆಲ್ಲ ಅಪ್ಪನಿಗೆ ರಾತ್ರಿ ಒಂದು ಗಂಟೆಗೆ ವಿವರಿಸಿದೆ. ಅವರು ಛತ್ರಿಯನ್ನು ಕೆಳಗಿಡಲಿಲ್ಲ.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಹಾಡು ಪೂರ್ತಿ ನಾಲ್ಕೇ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ನಾಲ್ಕೇ ಗುಂಪು, ಅಂತ ಎಲ್ಲೋ ಓದಿದೆ. ಜಿ, ಬಿ, ಸಿ, ಸಿ ಮೈನರ್. ಮತ್ತೆ ಅದೇ, ಮತ್ತೆ ಅದೇ. ನಾಲ್ಕು ತಾನೇ, ಅಂತ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಗಿಟಾರನ್ನು ಒರೆಸಿದೆ. ಜಿ ಸಲೀಸು. ಬಿ ಅನ್ನುವುದು ಮಾತ್ರ ಪೂರ್ವಜನ್ಮದ ಸಾಲ. ತೋರುಬೆರಳನ್ನು ತಂತಿಗಳ ಮೇಲೆ ಅಡ್ಡಕ್ಕೆ ಮಲಗಿಸಿ ಒತ್ತಬೇಕು. ಉಳಿದ ಬೆರಳುಗಳು ಗಿಟಾರ್ ಕತ್ತಿನ ಮೇಲೆ ಎರಡು ಮನೆ ಆಚೆ ಇಕ್ಕಟ್ಟಿನಲ್ಲಿ ನಿಲ್ಲಬೇಕು. ನನ್ನ ಬೆರಳಿನ ಗೆಣ್ಣಿನ ಹತ್ತಿರ ಒಂದು ಸಣ್ಣ ತಗ್ಗು ಇದೆ, ಹುಟ್ಟಿದಾಗಿನಿಂದ ಅದರ ಗೊಡವೆಗೆ ಹೋಗಿರಲಿಲ್ಲ. ಒಂದು ತಂತಿ ಸರಿಯಾಗಿ ಆ ತಗ್ಗಿಗೇ ಹೋಗಿ ಕೂರುತ್ತಿತ್ತು. ನಾದದ ಬದಲು 'ಟಸ್'. ಬೆರಳ ಮೇಲೆ ಮಾತ್ರ ಕಾಪಿ ಪುಸ್ತಕದ ಗೆರೆಗಳು. ಸಿ ಬಂದಾಗ ಉಸಿರಾಡಿ, ಸಿ ಮೈನರ್‌ಗೆ ಮತ್ತೆ ಅದೇ ಶಿಕ್ಷೆ.

ಮೂರು ವಾರ ಕಳೆಯಿತು. ಅಪ್ಪ ಒಂದು ಸಂಜೆ ಬಾಗಿಲಲ್ಲಿ ನಿಂತು, "ಆ ಕಳ್ಳನ ಸದ್ದು ಚೆನ್ನಾಗಿ ಬರ್ತಿದೆ ಕಣೋ" ಅಂದರು. ನಾನಿನ್ನೂ ಆ ಜಾಗಕ್ಕೆ ಬಂದೇ ಇರಲಿಲ್ಲ. ಅದು ಬಿ.

ಇದೇ ತಂಡ ಈ ಹಾಡು ನುಡಿಸಿ ನುಡಿಸಿ ಬೇಸತ್ತು ಎಷ್ಟೋ ಕಾಲ ವೇದಿಕೆಯಲ್ಲಿ ಅದನ್ನು ಮುಟ್ಟುತ್ತಲೇ ಇರಲಿಲ್ಲ. ನಮ್ಮ ಮನೆಯವರಿಗೂ ಅದೇ ಸ್ಥಿತಿ, ನುಡಿಸದೆಯೇ. ಇನ್ನೊಂದು ವಿಷಯ. 'ಕ್ರೀಪ್' 1970ರ ದಶಕದ ಒಂದು ಹಾಡನ್ನು ಹೋಲುತ್ತದೆ ಅಂತ ತಕರಾರಾಗಿ, ಆ ಹಾಡು ಬರೆದ ಇಬ್ಬರ ಹೆಸರನ್ನೂ ಇದಕ್ಕೆ ಸೇರಿಸಬೇಕಾಯಿತು. ನನಗೆ ಆ ಭಯ ಇಲ್ಲ. ನಾನು ನುಡಿಸಿದ್ದು ಯಾವುದನ್ನೂ ಹೋಲುವುದಿಲ್ಲ, 'ಕ್ರೀಪ್' ಅನ್ನು ಕೂಡ.

ಹೋದ ಭಾನುವಾರ ನಾಲ್ಕು ಜನ ಮನೆಗೆ ಬಂದಿದ್ದರು. ಯಾರೋ "ಒಂದು ನುಡಿಸು" ಅಂದರು, ಸುಮ್ನೆ ಮಾತಿಗೆ. ನಾನು ಆಗಲೇ ಗಿಟಾರ್ ತಂದಾಗಿತ್ತು. ಜಿ ಬಂತು. ಬಿ ಬಂದ ಹಾಗೆ ಮಾಡಿತು. ತಡವರಿಸಿಕೊಂಡು ಆ ಜಾಗದವರೆಗೂ ತಲುಪಿಬಿಟ್ಟೆ. ಇದೊಂದಾದರೂ ಜೋರಾಗಿ ಬರಲಿ ಅಂತ ಕೈ ಎತ್ತಿ ಚಚ್ಚಿದೆ. ಗರ್ಕ್. ಫಟ್. ಸಣ್ಣ ತಂತಿ ಕಿತ್ತು ಬಂದು ಗಲ್ಲಕ್ಕೆ ಬಾರಿಸಿತು.

ಎಲ್ಲರೂ ಒಂದು ಕ್ಷಣ ಸುಮ್ಮನಾದರು. ಆಮೇಲೆ, ಮುಗಿಯಿತು ಅಂದುಕೊಂಡು, ಚಪ್ಪಾಳೆ ತಟ್ಟಿದರು. ನಾನು ಗಲ್ಲ ಹಿಡಿದುಕೊಂಡೇ ಎದ್ದು ಕೈ ಮುಗಿದೆ.