ಜೊತೆಗೆ ಒಬ್ಬರನ್ನು ಬಿಡಿ

ಕೋವಿಡ್ ಬಗ್ಗೆ ಈಗ ಯಾರೂ ಜಾಸ್ತಿ ಮಾತಾಡುವುದಿಲ್ಲ. ಮುಗಿದು ಹೋದ ಕಥೆ ಅಂತ ಎಲ್ಲರಿಗೂ ಅನ್ನಿಸಿದೆ. ಆದರೆ ಆ ಎರಡು ವರ್ಷದಲ್ಲಿ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ತಗೊಂಡ ಹೆಂಗಸರ ಮನೆಗಳಲ್ಲಿ ಅದು ಮುಗಿದಿಲ್ಲ. ನಮ್ಮ ಮನೆಯಲ್ಲೂ ಮುಗಿದಿಲ್ಲ. ಇನ್ನೊಂದು ಮಹಾಮಾರಿ ಬರುವ ಮೊದಲೇ ಆಸ್ಪತ್ರೆಗಳು, ಸರ್ಕಾರ, ಮುಂಬೈ ಕಡೆಯ ನಮ್ಮ ಕನ್ನಡ ಸಂಘಗಳು ಎಲ್ಲ ಸೇರಿ ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿದೆ. ಕ್ಯಾನ್ಸರ್ ರೋಗಿಯ ಜೊತೆ ಮನೆಯವರು ಒಬ್ಬರನ್ನು ಒಳಗೆ ಬಿಡಲೇಬೇಕು. ಎಂಥ ಕಾಲವಾದರೂ ಸರಿ.

ನಮ್ಮ ವೈನಿಯ, ಅಂದರೆ ಅತ್ತಿಗೆಯ, ತವರು ಕಲಬುರಗಿ ಕಡೆ. ಮದುವೆಯಾದ ಮೇಲೆ ಮುಂಬೈ ಆಚೆಯ ಡೊಂಬಿವಲಿಯೇ ಊರು. 2020ರ ಫೆಬ್ರವರಿಯಲ್ಲಿ ಎಡಗಡೆ ಗಂಟು ಕೈಗೆ ಸಿಕ್ಕಿತು. ಬಯಾಪ್ಸಿ ರಿಪೋರ್ಟ್ ಬರುವ ಹೊತ್ತಿಗೆ ಲೋಕಲ್ ರೈಲು ನಿಂತಿತ್ತು. ಮಾರ್ಚ್ 25ಕ್ಕೆ ದೇಶವೇ ಬಂದ್ ಆಯಿತು. ಲೋಕಲ್ ಇಲ್ಲ ಅಂದರೆ ಡೊಂಬಿವಲಿಯವರಿಗೆ ಮುಂಬೈ ಬಹಳ ದೂರ. ನಮ್ಮ ಬಿಲ್ಡಿಂಗಿನ ಶೆಟ್ಟರ ಹೋಟೆಲ್ ಮುಚ್ಚಿತ್ತು. ತರಕಾರಿ ತರುವ ವ್ಯಾನ್ ಸುಮ್ನೆ ನಿಂತಿತ್ತು. ಅದರಲ್ಲಿ ಅವರೇ ಕೂರಿಸಿಕೊಂಡು ಹೋಗುತ್ತಿದ್ದರು. ಪೊಲೀಸ್ ಪಾಸು, ಆಸ್ಪತ್ರೆಯ ಫೈಲು ಎರಡನ್ನೂ ಮುಂದಿನ ಗಾಜಿನ ಹತ್ತಿರ ಇಟ್ಟಿರುತ್ತಿದ್ದೆವು. ಅವರ ಋಣ ದೊಡ್ಡದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಷ್ಟೋ ಕಡೆ ಆಪರೇಷನ್ ಮುಂದಕ್ಕೆ ಹಾಕುತ್ತಿದ್ದಾಗ ನಮ್ಮ ವೈನಿಗೆ ಮೇ ತಿಂಗಳಲ್ಲೇ ಆಪರೇಷನ್ ಆಯಿತು. ಮಾಡಿದ ಡಾಕ್ಟರ್, ನರ್ಸ್‌ಗಳ ಮೇಲೆ ನನಗೆ ಗೌರವ ಇದೆ. ಆ ಸೆಕೆಯಲ್ಲಿ ಪಿಪಿಇ ಹಾಕಿಕೊಂಡು ಗಂಟೆಗಟ್ಟಲೆ ನಿಂತವರು ಅವರು. ಅವರಲ್ಲೇ ಕೆಲವರಿಗೆ ಕೋವಿಡ್ ಆಗಿತ್ತು. ನನ್ನ ತಕರಾರು ಅವರ ಮೇಲಲ್ಲ, ಗೇಟಿನಲ್ಲಿ ಅಂಟಿಸಿದ್ದ ನಿಯಮದ ಮೇಲೆ. ರೋಗಿ ಮಾತ್ರ ಒಳಗೆ. ಜೊತೆಗೆ ಬಂದವರು ಹೊರಗೆ.

ಸ್ತನ ತೆಗೆದ ಹೆಂಗಸಿಗೆ ಮೊದಮೊದಲು ಆ ಕಡೆಯ ಕೈ ಎತ್ತಲು ಆಗುವುದಿಲ್ಲ. ತಲೆ ಬಾಚಿಕೊಳ್ಳಲು ಆಗುವುದಿಲ್ಲ, ಬ್ಲೌಸ್ ಹಾಕಿಕೊಳ್ಳಲು ಆಗುವುದಿಲ್ಲ. ಅದೆಲ್ಲ ಹೇಗೋ ಆಗುತ್ತೆ, ಪಕ್ಕದ ಹಾಸಿಗೆಯವರು ಕೈ ಕೊಡುತ್ತಾರೆ. ಆದರೆ ಡಾಕ್ಟರ್ ರೌಂಡ್ಸ್‌ಗೆ ಬಂದಾಗ ಹೇಳುವ ಮಾತನ್ನು ಕೇಳಿ ನೆನಪಿಟ್ಟುಕೊಳ್ಳುವವರು ಯಾರು? ನಮ್ಮ ವೈನಿಯ ಹಿಂದಿ ಭಾಜಿ ಮಾರ್ಕೆಟ್ಟಿಗೆ ಸಾಕು. ಮರಾಠಿ ಅರ್ಥ ಆಗುತ್ತೆ, ಎದುರಿಗೆ ನಿಧಾನ ಮಾತಾಡಿದರೆ. ರಾತ್ರಿ ಫೋನ್ ಮಾಡಿದಾಗ ಅಂದಿದ್ದು ಇನ್ನೂ ಕಿವಿಯಲ್ಲಿದೆ:

“ತಂಗೀ, ಡಾಕ್ಟರ್ ಏನೋ ಹೇಳಿ ಹೋದ್ರು. ಮಾಸ್ಕ್ ಒಳಗ ಮಾತಾಡ್ತಾರ, ಬಾಯಿನ ಕಾಣಂಗಿಲ್ಲ. ನಾ ಹೂಂ ಅಂದೆ.”

“ಯಾಕ್ರೀ ವೈನಿ, ತಿಳೀಲಿಲ್ಲ ಅನ್ನಬೇಕಿತ್ತಲ್ಲ?”

“ಅವರಿಗೆ ಅವಸರ ಇತ್ತವಾ.”

ಆ ಹೂಂ ಎಷ್ಟು ತುಟ್ಟಿಯಾಯಿತು ಅಂತ ಹೇಳುತ್ತೇನೆ. ಈ ಆಪರೇಷನ್ ಆದಮೇಲೆ ಗಾಯದ ಪಕ್ಕದಿಂದ ಒಂದು ನಳಿಕೆ ಬಿಟ್ಟಿರುತ್ತಾರೆ, ಅದರ ತುದಿಗೆ ಒಂದು ಡಬ್ಬಿ. ಡ್ರೇನ್ ಅನ್ನುತ್ತಾರೆ. ಒಳಗೆ ಊರುವ ನೀರು ಅದರಲ್ಲಿ ಬಂದು ಬೀಳಬೇಕು. ದಿನಾ ಎಷ್ಟು ಎಂ.ಎಲ್. ಬಂತು ಅಂತ ಅಳೆದು ಬರೆದಿಡಬೇಕು. ಕಡಿಮೆಯಾದ ಮೇಲೆ ನಳಿಕೆ ತೆಗೆಯುತ್ತಾರೆ. ಡಬ್ಬಿ ಖಾಲಿ ಮಾಡಿ, ಚೆನ್ನಾಗಿ ಒತ್ತಿ ಗಾಳಿ ತೆಗೆದು, ಒತ್ತಿ ಹಿಡಿದಿರುವಾಗಲೇ ಮುಚ್ಚಳ ಹಾಕಬೇಕು. ಆಗ ಮಾತ್ರ ಅದು ಎಳೆಯುವುದು. ಹಾಸಿಗೆ ಬೇಗ ಖಾಲಿ ಆಗಲಿ ಅಂತ ಆಗ ಡ್ರೇನ್ ಸಮೇತ ಬೇಗನೆ ಮನೆಗೆ ಕಳಿಸುತ್ತಿದ್ದರು. ಇದನ್ನೆಲ್ಲ ವಾರ್ಡಿನಲ್ಲಿ ವೈನಿಗೆ ಒಂದು ಸಲ ತೋರಿಸಿದ್ದರಂತೆ. ನೋವಿನಲ್ಲಿ, ಅರ್ಧ ನಿದ್ದೆಯಲ್ಲಿ ಇದ್ದವರಿಗೆ. ಮನೆಯಲ್ಲಿ ಅದನ್ನು ಮಾಡಬೇಕಾದ ನಾನು ಗೇಟಿನ ಹೊರಗೆ ಫುಟ್‌ಪಾತ್ ಮೇಲೆ ಕೂತಿದ್ದೆ.

ಎರಡು ದಿನ ಡಬ್ಬಿಗೆ ಏನೂ ಬೀಳಲಿಲ್ಲ. ನೀರು ಕಡಿಮೆ ಆಯಿತು ಅಂತ ನಾವೆಲ್ಲ ಖುಷಿಪಟ್ಟೆವು. ಅದು ಚರ್ಮದ ಕೆಳಗೇ ತುಂಬಿಕೊಳ್ಳುತ್ತಿತ್ತು. ಎದೆ ಬಿಗಿದು ಉಬ್ಬಿದ ಮೇಲೆ ಮತ್ತೆ ಶೆಟ್ಟರ ವ್ಯಾನು, ಮತ್ತೆ ಗೇಟು, ಸೂಜಿಯಲ್ಲಿ ನೀರು ಎಳೆಸಿಕೊಂಡು ಬಂದಿದ್ದಾಯಿತು. ಹತ್ತು ನಿಮಿಷ ನನ್ನನ್ನು ಒಳಗೆ ಬಿಟ್ಟಿದ್ದರೆ ಆ ಓಡಾಟವೇ ಇರುತ್ತಿರಲಿಲ್ಲ, ಅಲ್ವಾ? ಸೋಂಕಿನ ಲೆಕ್ಕದಲ್ಲಿ ನೋಡಿದರೂ ಯಾವುದು ಜಾಸ್ತಿ ಅಪಾಯ?

ಆಮೇಲೆ ಕೀಮೋ, ಅಂದರೆ ಕ್ಯಾನ್ಸರ್ ಕಣ ಕೊಲ್ಲುವ ಔಷಧಿ. ಕೀಮೋ ಕೊಟ್ಟು ಒಂದು ವಾರ, ಹತ್ತು ದಿನ ಆಗುವಾಗ ಸೋಂಕು ತಡೆಯುವ ಬಿಳಿ ರಕ್ತಕಣ ಬಹಳ ಇಳಿಯುತ್ತವೆ. ಕೌಂಟ್ ಬಿತ್ತು ಅನ್ನುತ್ತಾರಲ್ಲ, ಅದು. ಆಗ 100.4 ಡಿಗ್ರಿ ಜ್ವರ ಬಂದರೂ ಮನೆಯಲ್ಲಿ ಕೂರಬಾರದು. ತಕ್ಷಣ ಆಸ್ಪತ್ರೆಗೆ ಹೋಗಿ ಆ್ಯಂಟಿಬಯಾಟಿಕ್ ಶುರು ಮಾಡಿಸಬೇಕು, ತಡವಾದರೆ ಜೀವಕ್ಕೇ ಬರುತ್ತೆ. ಕೋವಿಡ್ ಕಾಲದಲ್ಲಿ ಜ್ವರ ಅಂದರೆ ಒಂದೇ ಅರ್ಥ. ಗೇಟಿನಲ್ಲಿ ಥರ್ಮಾಮೀಟರ್ ಗನ್ ಹಿಡಿದವರು ವೈನಿಯನ್ನು ಜ್ವರದ ಸಾಲಿಗೆ ಕಳಿಸಿದರು. ಸ್ವಾಬ್ ಕೊಡಿ, ಕಾಯಿರಿ. ವೈನಿ ಸಾಲಿನಲ್ಲಿ ನಿಂತೇಬಿಟ್ಟಿದ್ದರು. ನಾನು ಹೊರಗಿನ ಕಂಬಿ ಹಿಡಿದು “ಕೀಮೋ ಚಾಲೂ ಆಹೆ, ಕೌಂಟ್ ಕಮೀ ಆಹೆ” (ಕೀಮೋ ನಡೀತಿದೆ, ಕೌಂಟ್ ಕಡಿಮೆ ಇದೆ) ಅಂತ ಮರಾಠಿಯಲ್ಲಿ ಕೂಗಿದೆ. ಒಬ್ಬ ಹುಡುಗಿ, ಇಂಟರ್ನ್ ಇರಬೇಕು, ಅದು ಕಿವಿಗೆ ಬಿದ್ದು ಓಡಿ ಬಂದಳು. ವೈನಿಯನ್ನು ಬೇರೆ ಕೂರಿಸಿ, ಅಲ್ಲೇ ಸಲೈನ್ ಹಚ್ಚಿದರು. ಸ್ವಾಬ್ ರಿಪೋರ್ಟ್ ಆಮೇಲೆ ನೆಗೆಟಿವ್ ಬಂತು.

ಆ ಹುಡುಗಿಗೆ ಕೇಳಿಸದೆ ಇದ್ದಿದ್ದರೆ? ಕೂಗಲು ಯಾರೂ ಇಲ್ಲದ ಹೆಂಗಸರು ಆ ಸಾಲಿನಲ್ಲಿ ಎಷ್ಟು ಜನ ಇದ್ದರೋ.

ಒಳ್ಳೆಯದನ್ನೂ ಹೇಳಬೇಕು. ಲಾಕ್‌ಡೌನ್ ಶುರುವಾದ ಮಾರ್ಚ್ 25ರಂದೇ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ನಿಯಮ ತಂದಿತು. ಡಾಕ್ಟರ್ ಫೋನಿನಲ್ಲೇ ನೋಡಿ ಔಷಧಿ ಬರೆಯಲು ದಾರಿಯಾಯಿತು. ನಮಗೆ ಬಹಳ ಉಪಯೋಗ ಆಯಿತು. 2021ರ ಮಾರ್ಚ್‌ನಲ್ಲಿ, 45 ದಾಟಿದ ಕಾಯಿಲೆಯವರಿಗೂ ಲಸಿಕೆ ಶುರುವಾದಾಗ, ಯಾವ ಕೈಗೆ ಹಾಕಿಸಬೇಕು ಅಂತ ಒಂದು ಫೋನ್ ಮಾಡಿ ಕೇಳಿದೆವು. ಆಪರೇಷನ್ ಆಗದ ಕಡೆಗೆ ಹಾಕಿಸಿ, ಕಂಕುಳಲ್ಲಿ ಗಂಟು ಸ್ವಲ್ಪ ಊದಿದರೂ ಹೆದರಬೇಡಿ, ಲಸಿಕೆಯಿಂದ ಹಾಗಾಗುವುದುಂಟು, ಇಳಿಯುತ್ತೆ ಅಂದರು. ಇದು ಗೊತ್ತಿಲ್ಲದ ಹೆಂಗಸಿಗೆ ಆ ಗಂಟು ಕೈಗೆ ಸಿಕ್ಕರೆ ಹೇಗಾಗಬೇಡ! ಫೋನು ಇರಲಿ, ಮುಂದೆಯೂ ಇರಲಿ. ಆದರೆ ಫೋನಿನಲ್ಲಿ ಕೇಳಿದ್ದೂ ನಾನೇ. ವೈನಿ ಒಬ್ಬರೇ ಇದ್ದಿದ್ದರೆ ಮತ್ತೆ ಹೂಂ ಅಂತಿದ್ದರು.

ಆಸ್ಪತ್ರೆಯ ಗೇಟಿನವರೆಗೂ ಬರದೇ ಉಳಿದವರ ಕಥೆ ಇನ್ನೂ ಬೇಜಾರಿನದು. ನಮ್ಮ ಗಲ್ಲಿಯ ಒಬ್ಬ ಹೆಂಗಸಿಗೆ ಅದೇ ಬೇಸಿಗೆಯಲ್ಲಿ ಗಂಟು ಗೊತ್ತಾಗಿತ್ತು. ಲೋಕಲ್ ಶುರುವಾಗಲಿ ಅಂತ ಕಾದರು. ಜೂನ್ 15ಕ್ಕೆ ಶುರುವಾಗಿದ್ದು ಅಗತ್ಯ ಸೇವೆಯವರಿಗೆ ಮಾತ್ರ. ಅಕ್ಟೋಬರ್ 21ರಿಂದ ಹೆಂಗಸರನ್ನು ಬಿಟ್ಟರು, ಅದೂ ಬೆಳಗ್ಗೆ 11ರಿಂದ ಮಧ್ಯಾಹ್ನ 3, ಆಮೇಲೆ ರಾತ್ರಿ 7ರ ನಂತರ. ಗಂಡಸರಿಗೆ ಇಲ್ಲ. ಅಂದರೆ ಅವರು ಹೋಗಬಹುದಿತ್ತು, ಅವರ ಗಂಡ ಜೊತೆಗೆ ಹೋಗುವಂತಿರಲಿಲ್ಲ. ಟ್ಯಾಕ್ಸಿಗೆ ದುಡ್ಡಿಲ್ಲ. ಎದೆಯ ಗಂಟನ್ನು ಗೊತ್ತಿಲ್ಲದ ಡಾಕ್ಟರಿಗೆ ತೋರಿಸಲು ಒಬ್ಬರೇ ಹೋಗುವ ಧೈರ್ಯ ಅವರಿಗೆ ಬರಲಿಲ್ಲ. ಯಾರಿಗೆ ತಾನೇ ಬರುತ್ತೆ? ಹೋಗುವ ಹೊತ್ತಿಗೆ ಗಂಟು ದೊಡ್ಡದಾಗಿತ್ತು.

ಇದು ಒಬ್ಬರ ಕಥೆ ಅಲ್ಲ. 2020ರ ಮಾರ್ಚ್‌ನಿಂದ ಮೇ ತನಕ ದೇಶದ 41 ಕ್ಯಾನ್ಸರ್ ಆಸ್ಪತ್ರೆಗಳ ಲೆಕ್ಕ ತೆಗೆದು ಅದರ ಹಿಂದಿನ ವರ್ಷದ ಜೊತೆ ಹೋಲಿಸಿದರು. ಹೊಸದಾಗಿ ಹೆಸರು ಬರೆಸಿದ ರೋಗಿಗಳು ಶೇ. 54ರಷ್ಟು ಕಡಿಮೆ. ಕ್ಯಾನ್ಸರ್ ಕಡಿಮೆಯಾಗಿರಲಿಲ್ಲ. ಜನ ಬರಲಿಲ್ಲ, ಅಷ್ಟೇ.

ಇದೇ ಮುಂಬೈಯಲ್ಲಿ ಟಾಟಾ ಮೆಮೋರಿಯಲ್‌ನವರು 1998ರಿಂದ ಒಂದೂವರೆ ಲಕ್ಷ ಹೆಂಗಸರ ಮೇಲೆ ಇಪ್ಪತ್ತು ವರ್ಷ ಮಾಡಿದ ಅಧ್ಯಯನ 2021ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಎದೆ ಪರೀಕ್ಷೆ ಮಾಡಿದ್ದಕ್ಕೇ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಹತ್ತಿರ ಹತ್ತಿರ ಶೇ. 30ರಷ್ಟು ಇಳಿಯಿತು. ದೊಡ್ಡ ಮಷಿನ್ ಬೇಕಾಗಲಿಲ್ಲ. ನಾಚಿಕೆ ಬಿಟ್ಟು ಮಾತಾಡಬಹುದಾದ ಒಬ್ಬ ಹೆಂಗಸು ಬೇಕಾಗಿತ್ತು. ನಾನು ಕೇಳುತ್ತಿರುವುದೂ ಅದನ್ನೇ.

ಜೊತೆಗಾರರನ್ನು ಬಿಟ್ಟರೆ ಸೋಂಕು ಹರಡುತ್ತೆ ಅನ್ನುವುದು ಸುಳ್ಳಲ್ಲ. ಗುಂಪು ಬೇಡ, ನೋಡಲು ಬರುವ ನೆಂಟರು ಬೇಡವೇ ಬೇಡ. ಒಬ್ಬರು ಸಾಕು. ಚಿಕಿತ್ಸೆ ಮುಗಿಯುವವರೆಗೆ ಅದೇ ಒಬ್ಬರು. ರೋಗಿಗೆ ಪ್ರತಿ ಕೀಮೋಗೂ ಮೊದಲು ಟೆಸ್ಟ್ ಮಾಡಿಸುತ್ತಿದ್ದರಲ್ಲ, ಅವರಿಗೂ ಮಾಡಿಸಿ. ಮಾಸ್ಕ್ ಕೊಡಿ, ಒಂದು ಪಾಸ್ ಕೊಡಿ, ಆ ಪಾಸು ಲೋಕಲ್‌ಗೂ ನಡೆಯಲಿ. ಹೇಗಿದ್ದರೂ ಅವರು ರೋಗಿಯ ಜೊತೆ ಒಂದೇ ಮನೆಯಲ್ಲಿ ಮಲಗಿ ಏಳುವವರು. ಗೇಟಿನಲ್ಲಿ ತಡೆದರೆ ಏನು ಉಳಿಯಿತು? ಕೋವಿಡ್ ವಾರ್ಡಿನಂಥ ಕಡೆ ಬಿಡಲು ಆಗುವುದೇ ಇಲ್ಲ ಅಂದರೆ, ಡಿಸ್ಚಾರ್ಜ್ ದಿನವಾದರೂ ಮನೆಯವರನ್ನು ಕರೆದು ಡ್ರೇನ್ ಕೈಗೆ ಕೊಟ್ಟು ಮಾಡಿಸಿ ನೋಡಿ. ರೌಂಡ್ಸ್ ಹೊತ್ತಿಗೆ ವಿಡಿಯೋ ಕಾಲ್ ಹಚ್ಚಿಕೊಡಿ.

ನಮ್ಮವರಿಗೂ ಒಂದು ಮಾತು. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ಥಾಣೆಯಿಂದ ವಿರಾರ್‌ವರೆಗೆ ಎಷ್ಟೊಂದು ಕನ್ನಡ ಸಂಘಗಳಿವೆ. ನಾಟಕ, ಯಕ್ಷಗಾನ, ರಾಜ್ಯೋತ್ಸವ ಎಲ್ಲ ಚೆನ್ನಾಗಿಯೇ ಮಾಡುತ್ತೇವೆ. ಕಲಬುರಗಿ, ವಿಜಯಪುರ, ಬೀದರ್ ಕಡೆಯಿಂದ ಕ್ಯಾನ್ಸರ್ ಚಿಕಿತ್ಸೆಗೆ ಅಂತ ಮುಂಬೈಗೆ ರೈಲು ಹತ್ತುವ ಹೆಂಗಸರು ಈಗಲೂ ಇದ್ದಾರೆ. ಆಸ್ಪತ್ರೆಯಲ್ಲಿ ಕನ್ನಡದಲ್ಲಿ ಮಾತಾಡಿಸುವ, ಡಾಕ್ಟರ್ ಹೇಳಿದ್ದನ್ನು ಬರೆದುಕೊಳ್ಳುವ ಹತ್ತು ಹೆಂಗಸರ ಪಟ್ಟಿಯನ್ನು ಪ್ರತಿ ಸಂಘ ಇಟ್ಟುಕೊಂಡರೆ ಎಷ್ಟು ಅನುಕೂಲ! ಮಹಾಮಾರಿ ಬರುವವರೆಗೆ ಕಾಯುವುದು ಬೇಡ.

ಡೊಂಬಿವಲಿ, ಕಲ್ಯಾಣ, ಠಾಕುರ್ಲಿ ಕಡೆ ಯಾರಿಗಾದರೂ ಜೊತೆಗೆ ಒಬ್ಬರು ಬೇಕಿದ್ದರೆ ನನಗೆ ಇನ್‌ಬಾಕ್ಸ್ ಮಾಡಿ. ಹಿಂದಿನ ರಾತ್ರಿ ಹೇಳಿದರೂ ನಡೆಯುತ್ತೆ. ವೈನಿಯೂ ಬರುತ್ತೇನೆ ಅಂದಿದ್ದಾರೆ. ಡ್ರೇನ್ ಹೇಗೆ ಒತ್ತಬೇಕು ಅಂತ ಅವರೇ ತೋರಿಸಿಕೊಡುತ್ತಾರಂತೆ.